ಸಹಾಯ ಬೇಕು: ನಾಯಿಯ ಕಿವಿ ಆಪರೇಷನ್ ಮಾಡಿಸಿದವರು ಇದ್ದೀರಾ?

ನಾವು ಬಾಗಲಕೋಟೆ ನವನಗರದವರು. ನಮ್ಮ ಕಾಕರ್ ಸ್ಪ್ಯಾನಿಯಲ್ ಚಿನ್ನಿಗೆ 8 ವರ್ಷ. 2 ವರ್ಷದಿಂದ ಎಡಗಿವಿ ಸೋರುತ್ತಿದೆ. ಡ್ರಾಪ್ಸ್, ಮಾತ್ರೆ, ಕೀವು ಟೆಸ್ಟ್ ಮಾಡಿಸಿ ಕೊಟ್ಟ ಆಂಟಿಬಯಾಟಿಕ್, ಎಲ್ಲಾ ಆಯ್ತು. ಔಷಧಿ ನಿಲ್ಲಿಸಿದರೆ ಮತ್ತೆ ಅದೇ ವಾಸನೆ. ಈಗ ಕಿವಿಯ ದಾರಿ ಕಲ್ಲಿನಂತೆ ಗಟ್ಟಿಯಾಗಿದೆ, ಡ್ರಾಪ್ಸ್ ಒಳಗೇ ಇಳಿಯಲ್ಲ. ಒಣರೊಟ್ಟಿ ಅಂದ್ರೆ ಪ್ರಾಣ ಬಿಡುತ್ತಿದ್ದಳು. ಈಗ ಒಂದು ಸಲ ಅಗಿದು, ಕುಂಯ್ ಅಂದು ಬಿಟ್ಟುಬಿಡುತ್ತಾಳೆ. ನೋಡೋಕಾಗಲ್ಲ.

ಕಿವಿಯ ನಾಳ ಪೂರ್ತಿ ತೆಗೆದು, ಒಳಗಿನ ಮೂಳೆಗೂಡನ್ನೂ ಸ್ವಚ್ಛ ಮಾಡಬೇಕು ಅಂತಾರೆ ಡಾಕ್ಟರು. ಹೊರಗಿನ ಕಿವಿ ಹಾಗೇ ಉಳಿಯುತ್ತದೆ. ಆದರೆ ಮುಖದ ನರಕ್ಕೆ ಪೆಟ್ಟಾದರೆ ಆ ಕಡೆಯ ಕಣ್ಣು ಸರಿಯಾಗಿ ಮುಚ್ಚಲ್ಲವಂತೆ. ನನಗೆ ಅದೇ ಭಯ. ನಾಳದ ಒಂದು ಬದಿ ಮಾತ್ರ ತೆರೆಯುವ ಸಣ್ಣ ಆಪರೇಷನ್ ಇಷ್ಟು ಗಟ್ಟಿಯಾದ ಕಿವಿಗೆ ಸಾಕಾಗಲ್ಲವಂತೆ.

ಈ ದೊಡ್ಡ ಆಪರೇಷನ್ ಮಾಡಿಸಿದವರು ಹೇಳಿ: ಬೀದರ್ ಪಶುವೈದ್ಯಕೀಯ ಕಾಲೇಜಿಗೆ ಹೋಗಲಾ, ಬೆಂಗಳೂರಿನ ಹೆಬ್ಬಾಳಕ್ಕಾ? ಮೊದಲೇ ಸಿಟಿ ಸ್ಕ್ಯಾನ್ ಮಾಡಿಸಿದ್ರಾ? ಆಮೇಲೆ ಕಣ್ಣಿಗೆ ತೊಂದರೆ ಆಯ್ತಾ?