ಜುವಾರಿಯ ಕೋಪೆಪಾಡ್ ಎಸ್‌ಇಎಂನಲ್ಲಿ: ಮೈ ಕುಸಿತ, ಬಿಳಿ ಹರಳು, ಚಾರ್ಜಿಂಗ್

ವಾಸ್ಕೋ_ಪ್ಲಾಂಕ್ಟನ್:
ಗೋವಾದ ಕನ್ನಡ ಮಿತ್ರರಿಗೆ ನಮಸ್ಕಾರ. ಜುವಾರಿ ಅಳಿವೆಯಲ್ಲಿ ಬಲೆ ಹಾಕಿ ಹಿಡಿದ, ಸುಮಾರು 1 ಮಿಮೀ ಉದ್ದದ ಕೋಪೆಪಾಡ್‌ಗಳು (ಸೀಗಡಿಯ ದೂರದ ಬಂಧುಗಳಾದ ಪುಟ್ಟ ಕವಚಜೀವಿಗಳು) ಶೇ. 4 ಫಾರ್ಮಾಲಿನ್‌ನಲ್ಲಿವೆ. ಎಸ್‌ಇಎಂನಲ್ಲಿ (ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಕಾಲಿನ ಮುಳ್ಳು, ರೋಮಗಳ ಚಿತ್ರ ಬೇಕು. ಆಲ್ಕೋಹಾಲ್ ದಾಟಿಸಿ, ಗಾಳಿಗೆ ಒಣಗಿಸಿ, ಚಿನ್ನದ ಕೋಟಿಂಗ್ ಕೊಟ್ಟರೆ ಬೆನ್ನು ಒಳಕ್ಕೆ ಕುಸಿದಿರುತ್ತದೆ, ರೋಮಗಳ ನಡುವೆ ಬಿಳಿ ಹರಳು ಕೂತಿರುತ್ತವೆ. 15 ಕೆವಿ (ಕಿಲೋವೋಲ್ಟ್) ಎಲೆಕ್ಟ್ರಾನ್ ಕಿರಣದಲ್ಲಿ ಬೆಳ್ಳನೆಯ ಅಡ್ಡಗೆರೆಗಳು ಬೇರೆ. ಕ್ರಿಟಿಕಲ್ ಪಾಯಿಂಟ್ ಡ್ರೈಯರ್ (ಒತ್ತಡದ ಕಾರ್ಬನ್ ಡೈಆಕ್ಸೈಡ್‌ನಿಂದ ಒಣಗಿಸುವ ಯಂತ್ರ) ಇಲ್ಲ, ಎಚ್‌ಎಂಡಿಎಸ್ (ಹೆಕ್ಸಾಮೀಥೈಲ್‌ಡೈಸಿಲಜೇನ್, ಒಣಗಿಸಲು ಬಳಸುವ ದ್ರವ) ಇದೆ. ಎಲ್ಲಿಂದ ಸರಿಪಡಿಸಲಿ?

ಪಣಜಿಯವ:
ಹರಳಿನಿಂದಲೇ ಶುರು ಮಾಡಿ. ಸಮುದ್ರದ ಉಪ್ಪು ಆಲ್ಕೋಹಾಲ್‌ನಲ್ಲಿ ಕರಗುವುದಿಲ್ಲ, ಹೊಕ್ಕ ಜಾಗದಲ್ಲೇ ಹರಳುಗಟ್ಟುತ್ತದೆ. ಆಲ್ಕೋಹಾಲ್‌ಗೂ ಮೊದಲೇ ತೊಳೆಯಬೇಕು. ಸೋಸಿದ ಅಳಿವೆ ನೀರಿನಲ್ಲಿ ಒಮ್ಮೆ, ಆಮೇಲೆ ಅದನ್ನೇ ಡಿಸ್ಟಿಲ್ಡ್ ವಾಟರ್ ಬೆರೆಸಿ ಮುಕ್ಕಾಲು, ಅರ್ಧ, ಕಾಲು ಭಾಗಕ್ಕೆ ಇಳಿಸಿ ತಲಾ 10 ನಿಮಿಷ, ಕೊನೆಗೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಮೂರು ಸಲ. ಮಳೆಗಾಲದಲ್ಲಿ ಜುವಾರಿಯ ಉಪ್ಪಿನಂಶ ಇಳಿದಿರುತ್ತದೆ, ಆದ್ದರಿಂದ ಸ್ಯಾಂಪಲ್ ತೆಗೆದ ದಿನದ ನೀರನ್ನೇ ಸೋಸಿ ಇಟ್ಟುಕೊಳ್ಳಿ. ಫಾಸ್ಫೇಟ್ ಬಫರ್ ಬೇಡ: ಸಮುದ್ರದ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿ ಅದೇ ಇನ್ನೊಂದು ಬಿಳಿ ಪುಡಿಯಾಗುತ್ತದೆ. ಹೊಸ ಸ್ಯಾಂಪಲ್ ಆದರೆ ಕ್ಯಾಕೋಡೈಲೇಟ್ ಬಫರ್‌ನಲ್ಲಿ ಶೇ. 2.5 ಗ್ಲುಟರಾಲ್ಡಿಹೈಡ್ ಉತ್ತಮ. ಕ್ಯಾಕೋಡೈಲೇಟ್‌ನಲ್ಲಿ ಆರ್ಸೆನಿಕ್ ಇದೆ, ಗ್ಲೌಸ್ ಹಾಕಿ, ತ್ಯಾಜ್ಯ ಸಿಂಕ್‌ಗೆ ಸುರಿಯಬೇಡಿ. ಸೋನಿಕೇಟರ್‌ಗೆ (ಶಬ್ದದ ಅಲೆಗಳಿಂದ ಅಲುಗಿಸಿ ತೊಳೆಯುವ ಯಂತ್ರ) ಇಡಲೇಬೇಡಿ, ರೋಮಗಳೇ ಉದುರುತ್ತವೆ.

ಪುಣೆ_ಲ್ಯಾಬ್:
ಮೈ ಕುಸಿಯುವುದು ಒಣಗುವಾಗ. ಹಿಂದೆ ಸರಿಯುವ ದ್ರವದ ಮೇಲ್ಮೈ ಎಳೆತ ತೆಳು ಕವಚವನ್ನು ಒಳಕ್ಕೆಳೆಯುತ್ತದೆ. ಡ್ರೈಯರ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ 31.1 ಡಿಗ್ರಿ, ಸುಮಾರು 74 ಬಾರ್ ದಾಟಿದಾಗ ಆ ಮೇಲ್ಮೈಯೇ ಇರುವುದಿಲ್ಲ. ಎಚ್‌ಎಂಡಿಎಸ್ ಅಷ್ಟು ಮಾಡದು, ಆದರೆ ನೀರಿಗಿಂತ ಅದರ ಎಳೆತ ಬಹಳ ಕಡಿಮೆ. 1 ಮಿಮೀ ಕೋಪೆಪಾಡ್‌ಗೆ ಸಾಕು.

ಎಥನಾಲ್ (ಆಲ್ಕೋಹಾಲ್) ಶೇ. 30, 50, 70, 80, 90, 95 ತಲಾ 15 ನಿಮಿಷ, ಶೇ. 100 ಮೂರು ಸಲ. ಆಮೇಲೆ ಎಥನಾಲ್ ಎರಡು ಪಾಲು, ಎಚ್‌ಎಂಡಿಎಸ್ ಒಂದು, ನಂತರ ಸಮ, ನಂತರ ಒಂದಕ್ಕೆ ಎರಡು, ತಲಾ 20 ನಿಮಿಷ. ಬರೀ ಎಚ್‌ಎಂಡಿಎಸ್ ಎರಡು ಸಲ. ಪ್ರಾಣಿಯನ್ನು ಪಾತ್ರೆಯಿಂದ ಪಾತ್ರೆಗೆ ಎತ್ತಬೇಡಿ. ಅದೇ ಬಾಟಲಿಯಲ್ಲಿ ಪಿಪೆಟ್‌ನಿಂದ ದ್ರವ ಮಾತ್ರ ಬದಲಿಸಿ, ಅದು ಮುಳುಗುವಷ್ಟು ಯಾವಾಗಲೂ ಉಳಿಸಿ. ಕೊನೆಯದನ್ನು ಗಾಜಿನ ಡಿಶ್‌ನಲ್ಲಿ, ಮುಚ್ಚಳ ಸ್ವಲ್ಪ ಓರೆ ಮಾಡಿ, ಫ್ಯೂಮ್ ಹುಡ್‌ನಲ್ಲೇ ರಾತ್ರಿಯಿಡೀ ಬಿಡಿ.

ಗೋವಾದ ಜುಲೈನಲ್ಲಿ ಕೆಡುವುದು ಹೆಚ್ಚಾಗಿ ಇಲ್ಲೇ: ತೆರೆದಿಟ್ಟ 100 ಎಥನಾಲ್ ಗಾಳಿಯ ತೇವ ಹೀರಿ 100 ಆಗಿ ಉಳಿಯುವುದಿಲ್ಲ, ಆ ನೀರಿಗೆ ಎಚ್‌ಎಂಡಿಎಸ್ ಪ್ರತಿಕ್ರಿಯಿಸಿ ಅಮೋನಿಯಾ ಬಿಡುತ್ತದೆ. ಬಾಟಲಿಯಲ್ಲಿ 3 ಆಂಗ್‌ಸ್ಟ್ರಾಮ್ ಮಾಲಿಕ್ಯುಲರ್ ಸೀವ್ (ನೀರು ಹೀರುವ ಸೂಕ್ಷ್ಮ ರಂಧ್ರಗಳ ಗುಳಿಗೆ) ಹಾಕಿ, ಅದರ ಪುಡಿ ತಳ ಸೇರಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಬಳಸಿ.

ಪೊಂಡಾ_ಮೈಕ್ರೋ:
ಅಡ್ಡಗೆರೆ ಚಾರ್ಜಿಂಗ್, ಅಂದರೆ ಕಿರಣದ ವಿದ್ಯುತ್ ಮೈಮೇಲೆ ಶೇಖರವಾಗುವುದು. ಕಾರ್ಬನ್ ಟೇಪ್ ಮೇಲೆ ಕೋಪೆಪಾಡ್ ನಿಲ್ಲುವುದು ಎರಡು ಮೂರು ತುದಿಗಳ ಮೇಲೆ ಮಾತ್ರ, ಮೈಯಡಿಗೆ ಚಿನ್ನ ತಲುಪಿರುವುದಿಲ್ಲ. ವಿದ್ಯುತ್ ಇಳಿಯಲು ದಾರಿ ಎಲ್ಲಿದೆ? ಕಡ್ಡಿಯ ತುದಿಗೆ ಅಂಟಿಸಿದ ಕಣ್ರೆಪ್ಪೆ ಕೂದಲಿನಿಂದ ಎತ್ತಿ ಪಕ್ಕಕ್ಕೆ ಮಲಗಿಸಿ. ಚಿಮಟ ತಾಗಿದರೆ ಆಂಟೆನಾ ಮುರಿಯುತ್ತದೆ. ಬಾಲದ ಕಡೆಯಿಂದ ಸ್ಟಬ್‌ಗೆ (ಸ್ಯಾಂಪಲ್ ಕೂರಿಸುವ ಪುಟ್ಟ ಲೋಹದ ಪೀಠ) ಸೂಜಿಮೊನೆಯಷ್ಟು ಸಿಲ್ವರ್ ಪೇಂಟ್ ತಾಗಿಸಿ, ಪೂರ್ತಿ ಒಣಗಿಸಿ. ಒಂದೇ ಉದ್ದ ಕೋಟಿಂಗ್ ಬದಲು ಸ್ಟಬ್ ಓರೆ ಮಾಡಿ ಎರಡೂ ಬದಿಯಿಂದ ತಲಾ 5–7 ನ್ಯಾನೊಮೀಟರ್ ಚಿನ್ನ-ಪಲ್ಲಾಡಿಯಂ ಕೊಡಿ, 5 ಕೆವಿಗೆ ಇಳಿಸಿ ನೋಡಿ. ಹರಳು ಯಾವುದೆಂದು ಇಡಿಎಸ್‌ನಲ್ಲಿ (ಎಕ್ಸ್-ರೇ ಗೆರೆಗಳಿಂದ ಮೂಲವಸ್ತು ಗುರುತಿಸುವ ಸಾಧನ) ತಿಳಿಯಬೇಕಿದ್ದರೆ ಆ ಸ್ಟಬ್‌ಗೆ ಚಿನ್ನ ಬೇಡ, ಕಾರ್ಬನ್ ಕೊಡಿ. ಚಿನ್ನದ 2.12 ಕೆಇವಿ ಗೆರೆ ಫಾಸ್ಫರಸ್‌ನ 2.01ರ ಪಕ್ಕದಲ್ಲೇ ಬಿದ್ದು ಅದನ್ನು ಮುಚ್ಚುತ್ತದೆ.

ವಾಸ್ಕೋ_ಪ್ಲಾಂಕ್ಟನ್:
ಧನ್ಯವಾದ. ಆಸ್ಮಿಯಂ (ಅಂಗಾಂಶ ಗಟ್ಟಿಗೊಳಿಸುವ ಆಸ್ಮಿಯಂ ಟೆಟ್ರಾಕ್ಸೈಡ್) ಬೇಕೇ? ಕೋಟಿಂಗ್ ಆದ ಸ್ಟಬ್ ಈ ಮಳೆಯಲ್ಲಿ ಎಷ್ಟು ದಿನ ಇಡಬಹುದು?

ಪುಣೆ_ಲ್ಯಾಬ್:
ಕವಚದ ಮೇಲ್ಮೈ ನೋಡಲು ಆಸ್ಮಿಯಂ ಬೇಡವೆಂದೇ ನನ್ನ ಅಭಿಪ್ರಾಯ, ಅದರ ಆವಿ ಕಣ್ಣಿಗೆ ಅಪಾಯ. ಸ್ಟಬ್ ಮಾತ್ರ ಹುಡ್‌ನಿಂದ ನೇರ ಡೆಸಿಕೇಟರ್‌ಗೆ (ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಮುಚ್ಚಿದ ಪಾತ್ರೆ) ಹೋಗಲಿ. ಸಿಲಿಕಾ ಜೆಲ್ ಬಣ್ಣ ತಿರುಗಿದ್ದರೆ 110 ಡಿಗ್ರಿ ಓವನ್‌ನಲ್ಲಿ ಒಣಗಿಸಿ ಹಾಕಿ. ಜೆಲ್ ಒಣಗಿರುವವರೆಗೆ ತಿಂಗಳುಗಟ್ಟಲೆ ಇರುತ್ತದೆ.