ಅಪ್‌ಡೇಟ್: ಶ್ರವಣಬೆಳಗೊಳದ ಶಾಸನ ಸಂಖ್ಯೆಯ ಗೊಂದಲ ಬಗೆಹರಿಯಿತು

ಎಂ.ಎ. ಕಿರುಪ್ರಬಂಧಕ್ಕೆ ಬೇಕಿದ್ದ ನಿಸಿದಿ ಶಾಸನವೊಂದರ (ವ್ರತ ಹಿಡಿದು ತೀರಿಕೊಂಡ ಜೈನರ ನೆನಪಿನ ಶಾಸನ) ಸಂಖ್ಯೆ ವಿಮರ್ಶಾ ಪುಸ್ತಕದಲ್ಲಿ ಒಂದು, ಲೈಬ್ರರಿಯಲ್ಲಿರುವ ಶಾಸನ ಸಂಪುಟಗಳ ಮಾಲೆ 'ಎಪಿಗ್ರಾಫಿಯಾ ಕರ್ನಾಟಿಕ'ದ (ಎ.ಕ.) ಎರಡನೇ ಸಂಪುಟದಲ್ಲಿ ಇನ್ನೊಂದು, ಯಾವುದನ್ನು ಹಾಕಲಿ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಎರಡೂ ಸರಿಯಂತೆ! ಆ ಸಂಪುಟ ಮೂರು ಸಲ ಬಂದಿದೆ: 1889ರಲ್ಲಿ ಬಿ.ಎಲ್. ರೈಸ್ ಅವರದು, 1923ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದ್ದು, 1973ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ್ದು. ರೈಸ್ ಕೊಟ್ಟದ್ದು 144 ಶಾಸನ, ನರಸಿಂಹಾಚಾರ್ಯರು 500. ಹೊಸವು ಸೇರಿದ್ದರಿಂದ ಸಂಖ್ಯೆಗಳೂ ಬದಲಾದವು. ವಿಮರ್ಶಕರು ಹಳೆಯ ಆವೃತ್ತಿ ನೋಡಿದ್ದರು, ಆದರೆ ವರ್ಷ ಬರೆದಿರಲಿಲ್ಲ. ನಮ್ಮ ದೊಡ್ಡ ದೊಡ್ಡ ವಿದ್ವಾಂಸರೂ 'ಎ.ಕ. 2' ಅಂತಷ್ಟೇ ಬರೆದು ಕೈತೊಳೆದುಕೊಳ್ಳುತ್ತಾರೆ, ಪರದಾಡುವುದು ನಾವು.

ಶಾಸನ ಉಲ್ಲೇಖಿಸಲು ಗೈಡ್ ಮೇಡಂ ಒಪ್ಪಿದ ಕ್ರಮ: ಸಂಪುಟ, ಆವೃತ್ತಿಯ ವರ್ಷ, ಊರು, ಶಾಸನ ಸಂಖ್ಯೆ, ಸಾಲು. ಮೂಲ ಸಂಪುಟ ಕೈಗೆ ಸಿಗದೆ ಬೇರೆಯವರ ಪುಸ್ತಕದಿಂದ ತೆಗೆದಿದ್ದರೆ ಆ ಪುಸ್ತಕದ ಹೆಸರು, ಪುಟದೊಂದಿಗೆ 'ಉದ್ಧೃತ' ಅಂತ ಹಾಕಲೇಬೇಕು.

ಶಾಸನಪಾಠ ಪೂರ್ತಿ ಕೊಟ್ಟರೆ ಕೃತಿಚೌರ್ಯ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದಾ ಅಂತ ಕೆಲವರು ಕೇಳಿದ್ದಿರಿ. ಯುಜಿಸಿಯ 2018ರ ನಿಯಮದ ಪ್ರಕಾರ, ಸರಿಯಾಗಿ ಮೂಲ ಸೂಚಿಸಿದ ಉದ್ಧರಣೆ ಆ ಲೆಕ್ಕಕ್ಕೆ ಬರುವುದಿಲ್ಲ. ಉದ್ಧರಣ ಚಿಹ್ನೆ ಮಾತ್ರ ಮರೆಯಬೇಡಿ.