ಐದಡಿ ಬಾಗಿಲು, ಏಳಡಿ ರಾಜ

ಭಾನುವಾರ ಬೆಳಗ್ಗೆ ಹೋಟೆಲಿನ ಮೂಲೆ ಮೇಜು ನಮ್ಮದು. ಮೊನ್ನೆ ಮೇಷ್ಟ್ರು ಬರುವಾಗ ಕಂಕುಳಲ್ಲಿ ಒಂದು ಚಪ್ಪಲಿ ಡಬ್ಬ ಇತ್ತು. ಅದನ್ನು ತಂದು ಭಟ್ಟರ ಮಸಾಲೆ ದೋಸೆ ಪಕ್ಕದಲ್ಲೇ ಇಟ್ಟರು.

"ಹೊಸ ಚಪ್ಪಲಿಯಾ?" ಅಂತ ಭಟ್ಟರು ತಟ್ಟೆ ಈಚೆ ಎಳೆದುಕೊಂಡರು.

"ಅಲ್ಲ ಮಾರಾಯ್ರೆ, ಅರಮನೆ."

ಮುಚ್ಚಳ ತೆಗೆದರೆ ಅರಮನೆಯೇ. ರಟ್ಟಿನ ಗೋಡೆ, ಥರ್ಮೋಕೋಲಿನ ಮೆಟ್ಟಿಲು, ಹಿಂದೆ ನೀಲಿ ಪೇಪರಿನ ಆಕಾಶ. ಬಾಗಿಲ ಪಕ್ಕದಲ್ಲಿ ಫೆವಿಕಾಲ್ ಹಚ್ಚಿ ನಿಲ್ಲಿಸಿದ ಒಂದು ಬೆಂಕಿಕಡ್ಡಿ. ಅವನೇ ರಾಜನಂತೆ.

ಮೇಷ್ಟ್ರು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಾರೆ, ವರ್ಷಕ್ಕೊಂದು ನಾಟಕವನ್ನೂ ಮಾಡಿಸುತ್ತಾರೆ. ಇಷ್ಟು ದಿನ ಅದರ ಪದ್ಧತಿ ಸುಲಭ ಇತ್ತು. ಹದಿನೈದು ಹುಡುಗರಿಗೆ ಪಾತ್ರ, ಮಿಕ್ಕಿದ್ದೆಲ್ಲ ಮೇಷ್ಟ್ರ ತಲೆಗೆ. ಸೆಟ್ಟು ಅಂದರೆ ಸ್ಟಾಫ್ ರೂಮಿನ ಕುರ್ಚಿ. ಉಡುಪು ಅಂದರೆ ಬಾಡಿಗೆಗೆ ತಂದ ಗಂಟು. ಬೆಳಕು ಅಂದರೆ ನಮ್ಮ ಕರೆಂಟ್ ಶೀನ. ಈ ವರ್ಷ ಅವರಿಗೆ ಏನನ್ನಿಸಿತೋ, ಹದಿನೈದು ದಿನದ ರಂಗತರಬೇತಿ ಅಂತ ಬೋರ್ಡ್ ಬರೆಸಿದರು. ಮಕ್ಕಳೇ ಸೆಟ್ಟು ಕಟ್ಟಬೇಕು, ಉಡುಪು ಹೊಲಿಯಬೇಕು, ಲೈಟು ಹಾಕಬೇಕು. ಪಾತ್ರ ಹಂಚುವುದು ಆಮೇಲೆ, ಅದೂ ಚೀಟಿ ಎತ್ತಿ.

"ಎಷ್ಟು ಜನ ಬಂದರು?" ಅಂತ ನಾನು ಕೇಳಿದೆ.

"ಮೊದಲ ದಿನ ನಲವತ್ತು. ಪಾತ್ರ ಎಂಟನೇ ದಿನ ಅಂತ ಹೇಳಿದೆ ನೋಡಿ, ಎರಡನೇ ದಿನ ಇಪ್ಪತ್ತೆರಡು."

ಭಟ್ಟರು ಬ್ಯಾಂಕಿನಿಂದ ರಿಟೈರ್ ಆದವರು. ಈಗ ಅವರ ಕೆಲಸ ಆಕ್ಷೇಪಣೆ. "ನಾಟಕ ಕಲಿಯೋಕೆ ಬಂದ ಮಕ್ಕಳ ಕೈಲಿ ಮೊಳೆ ಹೊಡೆಸೋದಾ? ಅದಕ್ಕೆ ಐಟಿಐ ಇದೆಯಲ್ಲ."

"ಭಟ್ರೆ, ನಿಮ್ಮ ಮನೆಯಿಂದ ಹೆಗ್ಗೋಡು ಅರ್ಧ ಗಂಟೆ. ಅಲ್ಲಿನ ನಾಟಕ ಸಂಸ್ಥೆ ನೀನಾಸಂ ಹುಟ್ಟಿದ್ದು 1949ರಲ್ಲಿ, ಅವರ ರಂಗಶಿಕ್ಷಣ ಕೇಂದ್ರ ಶುರುವಾಗಿದ್ದು 1980ರಲ್ಲಿ. ಅಲ್ಲಿ ಕಲಿಯೋರು ಬರೀ ಮಾತು ಉರು ಹೊಡೀತಾ ಕೂತಿರ್ತಾರೆ ಅಂದುಕೊಂಡಿರಾ? ಊರೂರು ಸುತ್ತೋ ಅವರ ತಿರುಗಾಟದ ನಾಟಕ ನೋಡ್ತೀರಲ್ಲ?"

"ನೋಡದೆ? 1985ರಲ್ಲಿ ತಿರುಗಾಟ ಹೊರಟಾಗಿಂದ ನೋಡ್ತಾ ಇದ್ದೇನೆ."

"ಹಾಗಾದರೆ ಹೇಳಿ, ನಾಟಕ ಮುಗಿದ ಮೇಲೆ ಸೆಟ್ಟು ಬಿಚ್ಚಿ ಗಾಡಿಗೆ ತುಂಬೋರು ಯಾರು?"

ಭಟ್ಟರು ಯೋಚನೆ ಮಾಡಿದರು. "ಅಷ್ಟು ಹೊತ್ತಿಗೆ ನಾನು ಮನೇಲಿ ಮಜ್ಜಿಗೆ ಅನ್ನ ಕಲಸ್ತಾ ಇರ್ತೇನೆ."

"ಸಂಜೆ ರಾಜನಾಗಿ ಮೆರೆದವನೇ ರಾತ್ರಿ ಹಲಗೆ ಹೊರ್ತಾನೆ. ಹೊತ್ತವನಿಗೆ ಮೆಟ್ಟಿಲು ಎಷ್ಟೆತ್ತರ ಅಂತ ಕಾಲಿಗೇ ಗೊತ್ತಿರತ್ತೆ."

ಮಾತು ಚೆನ್ನಾಗಿಯೇ ಇತ್ತು. ಆದರೆ ಶೀನ ಡಬ್ಬದ ಕಡೆ ಕೈ ತೋರಿಸಿ ಕಿಸಕ್ಕನೆ ನಕ್ಕುಬಿಟ್ಟ. "ಎತ್ತರದ ವಿಷಯ ಈಗ್ಯಾಕೆ ಮೇಷ್ಟ್ರೆ? ಬೆಂಕಿಕಡ್ಡಿ ಕತೆ ಹೇಳಿ."

ಮೇಷ್ಟ್ರು ಕಾಫಿ ಕುಡಿದು ಸ್ವಲ್ಪ ಧೈರ್ಯ ತಂದುಕೊಂಡರು.

ಆಗಿದ್ದು ಇಷ್ಟು. ಮಕ್ಕಳನ್ನು ನಾಲ್ಕು ಗುಂಪು ಮಾಡಿದ್ದರು: ರಂಗಸಜ್ಜಿಕೆ, ಬೆಳಕು, ಉಡುಪು, ಪ್ರಸಾಧನ ಅಂದರೆ ಮೇಕಪ್ಪು. ನಾಲ್ಕು ಗುಂಪಿಗೆ ನಾಲ್ಕು ರೂಮು. ಆಮೇಲೆ ನಾಲ್ಕು ವಾಟ್ಸಾಪ್ ಗ್ರೂಪು. ನಾಟಕ ನಿದ್ದೆ ಬಾರದ ರಾಜನದ್ದು. ಸೆಟ್ಟಿನ ಗುಂಪು ಒಂದಡಿಗೆ ಅರ್ಧ ಇಂಚಿನ ಲೆಕ್ಕದಲ್ಲಿ ಈ ಮಾದರಿ ಮಾಡಿತು. ಲೆಕ್ಕ ಸರಿ. ಮಾದರಿಯೊಳಗೆ ಒಬ್ಬ ಮನುಷ್ಯ ಇದ್ದರೆ ಅಳತೆ ಗೊತ್ತಾಗುತ್ತದೆ ಅಂತ ಮೇಷ್ಟ್ರೇ ಹೇಳಿದ್ದರು. ಒಬ್ಬ ಹುಡುಗ ಜೇಬಿನಿಂದ ಬೆಂಕಿಕಡ್ಡಿ ತೆಗೆದು ನಿಲ್ಲಿಸಿದ. (ಅವನ ಜೇಬಿನಲ್ಲಿ ಬೆಂಕಿಪೊಟ್ಟಣ ಯಾಕಿತ್ತು ಅಂತ ಮೇಷ್ಟ್ರು ಕೇಳಲಿಲ್ಲ, ನಾವೂ ಕೇಳಲಿಲ್ಲ.) ಆದರೆ ಬೆಂಕಿಕಡ್ಡಿ ಎರಡು ಇಂಚೂ ಇರುವುದಿಲ್ಲ. ಅಂದರೆ ರಾಜ ನಾಲ್ಕಡಿಗಿಂತ ಗಿಡ್ಡ. ಅವನ ಪಕ್ಕದಲ್ಲಿ ಎರಡೂವರೆ ಇಂಚಿನ ಬಾಗಿಲು ಭಾರಿ ಮಹಾದ್ವಾರದ ಹಾಗೆ ಕಂಡಿತು. ಎಲ್ಲರೂ ಭೇಷ್ ಅಂದರು. ರೀಪು ಕೊಯ್ದು, ಕೋರಾ ಬಟ್ಟೆ ಎಳೆದು ಬಡಿದು, ಮೈದಾ ಅಂಟು ಬಳಿದು, ಬಣ್ಣ ಹೊಡೆದು ಐದಡಿ ಬಾಗಿಲು ಎಬ್ಬಿಸಿದರು.

ಇತ್ತ ಉಡುಪಿನ ರೂಮಿನಲ್ಲಿ ವಿಮಲಕ್ಕ ಇದ್ದರು. ಅವರದು ಬಸ್ ಸ್ಟ್ಯಾಂಡ್ ಹತ್ತಿರ ಟೈಲರಿಂಗ್ ಅಂಗಡಿ. ಮೇಷ್ಟ್ರು ಕೈ ಮುಗಿದು ಕರೆದಿದ್ದರು. ಅವರು ಅಡಿಕೆ ಹಾಳೆ ನೆನೆಸಿ, ಬಗ್ಗಿಸಿ, ಬೇಗಡೆ ಅಂಟಿಸಿ ಕಿರೀಟ ಮಾಡುವುದನ್ನು ಹೇಳಿಕೊಟ್ಟರು. ಕಿರೀಟದ ಎತ್ತರ ಒಂದಡಿ ಎರಡಿಂಚು.

"ಅಷ್ಟು ದೊಡ್ಡದು ಯಾಕಕ್ಕಾ?" ಅಂತ ನಮ್ಮ ಮೇಜಿನಲ್ಲೇ ಕೂತಿದ್ದ ವಿಮಲಕ್ಕನನ್ನು ಕೇಳಿದೆ.

"ಯಕ್ಷಗಾನದ ಸೀಮೆಯಲ್ಲಿ ಕುಳ್ಳ ಕಿರೀಟ ಮಾಡಿದರೆ ನಾಳೆ ನಾನು ತಲೆ ಎತ್ತಿ ಓಡಾಡಬೇಕಲ್ಲಪ್ಪ."

ಎಂಟನೇ ದಿನ ಚೀಟಿ ಎತ್ತಿದರು. ರಾಜನ ಚೀಟಿ ಬಂದಿದ್ದು ವಾಲಿಬಾಲ್ ಟೀಮಿನ ಹುಡುಗನಿಗೆ. ಐದಡಿ ಹತ್ತಿಂಚು. ಮೇಲೆ ಕಿರೀಟ. ಕೂಡಿಸಿ ನೋಡಿ, ಏಳಡಿ. ಅವನು ಗಂಭೀರವಾಗಿ ನಡೆದು ಬಂದ. ಹಣೆ ಚೌಕಟ್ಟಿಗೆ ಬಡಿಯಿತು, ಕಿರೀಟ ಅರಮನೆ ಆಚೆ ಬಿತ್ತು. ಸೆಟ್ಟಿನವರು ಕಿರೀಟ ಕತ್ತರಿಸಿ ಅಂದರು. ಉಡುಪಿನವರು ಬಾಗಿಲು ಕೊಯ್ಯಿರಿ ಅಂದರು. ಹಣೆ ಉಜ್ಜಿಕೊಳ್ಳುತ್ತಿದ್ದ ರಾಜನನ್ನು ಯಾರೂ ಏನೂ ಕೇಳಲಿಲ್ಲ.

"ಗುಬ್ಬಿ ವೀರಣ್ಣನವರ ಕಂಪನಿ ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ತರ್ತಿತ್ತು," ಅಂದರು ಭಟ್ಟರು, ತುಂಬ ಸಂತೋಷದಿಂದ. "ಆನೆಗೇ ದಾರಿ ಮಾಡಿದ್ದರು. ನಿಮಗೆ ಒಬ್ಬ ಬಿ.ಕಾಂ. ಹುಡುಗನ್ನ ಒಳಗೆ ಕರೆಸೋಕೆ ಆಗಲಿಲ್ಲ."

"ಲೈಟಿನ ಕತೆ ಇನ್ನೂ ಚೆಂದ," ಅಂತ ಮೇಷ್ಟ್ರು ಉಪಾಯವಾಗಿ ಶೀನನ ಕಡೆ ತಿರುಗಿಸಿದರು.

ಶೀನನ ಮಕ್ಕಳು ಹಾಳೆ ಮೇಲೆ ಹನ್ನೆರಡು ಹ್ಯಾಲೊಜೆನ್ ಬರೆದಿದ್ದರು. ಒಂದೊಂದು ಸಾವಿರ ವಾಟ್. "ಒಂದು ಲೈಟು ನಾಲ್ಕೂಕಾಲು ಆಂಪ್ ಮೇಲೆಯೇ ಎಳೆಯತ್ತೆ. ಹನ್ನೆರಡಕ್ಕೆ ಐವತ್ತೆರಡು. ಆ ಹಾಲಿನಲ್ಲಿ ಇರೋದು ಮೈಕಿಗೆ ಅಂತ ಹಾಕಿದ ಐದು ಆಂಪಿನ ಪಾಯಿಂಟು. ನಾನು ಟೀ ಕುಡಿಯೋಕೆ ಹೋಗಿದ್ದೆ. ಇವರು ಮೂರನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದರು. ಆಫೀಸಿನಲ್ಲಿ ಪರೀಕ್ಷೆ ಫೀಸು ಕಟ್ಟಿಸಿಕೊಳ್ತಾ ಇದ್ದ ಕಂಪ್ಯೂಟರೂ ಹೋಯ್ತು."

ಕೊನೆಗೆ ಮೇನ್ಸಿನಿಂದ ಬೇರೆ ಲೈನು ಎಳೆದು, ಆರು ಲೈಟಿಗೆ ಒಪ್ಪಿಸಿದನಂತೆ. ಹನ್ನೆರಡು ಕೇಳಿದವರಿಗೆ ಆರು ಸಿಕ್ಕಿದಾಗಲೇ ಯಾವ ದೃಶ್ಯಕ್ಕೆ ಯಾವ ಬೆಳಕು ನಿಜವಾಗಿ ಬೇಕು ಅಂತ ನಾಟಕ ಓದಲು ಶುರು ಮಾಡಿದರು ಅಂತ ಶೀನನ ಅಂಬೋಣ. ನನಗೆ ಇದು ನಿಜ ಅನ್ನಿಸುತ್ತದೆ. ನಮ್ಮ ಮನೆ ಅಡುಗೆಯೂ ತಿಂಗಳ ಕೊನೆಯಲ್ಲೇ ರುಚಿ ಜಾಸ್ತಿ.

ರಾತ್ರಿ ದೃಶ್ಯಕ್ಕೆ ಲೈಟಿನ ಮುಂದೆ ನೀಲಿ ಜೆಲಟಿನ್, ಅಂದರೆ ಬಣ್ಣದ ತೆಳು ಹಾಳೆ, ಹಾಕಿದರು. ವಿಮಲಕ್ಕನ ಗುಂಪು ಆರು ಮೀಟರ್ ಅಚ್ಚ ಕೆಂಪು ಬಟ್ಟೆಯಲ್ಲಿ ನಿಲುವಂಗಿ ಹೊಲಿದಿತ್ತು. ಲೈಟು ಬಿತ್ತು. ರಾಜ ಹೋದ, ಕೋರ್ಟಿಗೆ ಹೊರಟ ವಕೀಲ ಬಂದ. ಪೂರ್ತಿ ಕಪ್ಪು!

"ನನ್ನ ಕಣ್ಣೇ ಕೆಟ್ಟಿತು ಅಂದುಕೊಂಡೆ," ಅಂದರು ವಿಮಲಕ್ಕ.

"ಕಣ್ಣಲ್ಲ ಅಕ್ಕ. ಬಟ್ಟೆ ಕೆಂಪಾಗಿ ಕಾಣಬೇಕಾದರೆ ಬೆಳಕಿನಲ್ಲಿ ಕೆಂಪು ಇರಬೇಕು. ನೀಲಿ ಜೆಲಟಿನ್ನು ಅದನ್ನ ಮೊದಲೇ ತಡೆದುಬಿಟ್ಟಿರತ್ತೆ. ಬಟ್ಟೆ ವಾಪಸ್ ಕೊಡೋದಾದರೂ ಏನನ್ನ?"

"ಅದನ್ನ ಬಟ್ಟೆ ತರೋ ಮುಂಚೆ ಹೇಳಬೇಕಿತ್ತು ಮಹಾರಾಯ."

"ಗೇಣಗಲ ತುಂಡು ತಂದು ಲೈಟಿಗೆ ಹಿಡಿದಿದ್ದರೆ ಹೇಳ್ತಿದ್ದೆ."

ಇಬ್ಬರೂ ಸುಮ್ಮನಾದರು. ಪಕ್ಕದ ಹಳದಿ ಲೈಟೊಂದನ್ನು ದೀಪದ ನೆಪದಲ್ಲಿ ರಾಜನ ಮೇಲೆ ಹಾಕಿ, ನೀಲಿಯನ್ನು ಹಿಂದಿನ ಪರದೆಗೆ ಕಳಿಸಿದ ಮೇಲೆ ಕೆಂಪು ವಾಪಸ್ ಬಂತಂತೆ. ಪ್ರಸಾಧನದವರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಎಂಟು ದಿನವೂ ಒಬ್ಬರಿಗೊಬ್ಬರು ಮೀಸೆ ಬರೆದುಕೊಂಡರು. ಒಬ್ಬಳು ಮೀಸೆಯಲ್ಲೇ ಬಸ್ಸು ಹತ್ತಿದಳು, ಕಂಡಕ್ಟರ್ ಹೆಂಗಸರ ಉಚಿತ ಟಿಕೆಟ್ ಕೊಡಲು ಹಿಂದೆಮುಂದೆ ನೋಡಿದನಂತೆ.

"ಬಾಗಿಲು ಏನಾಯ್ತು?" ಅಂತ ಭಟ್ಟರು ಬಿಡಲಿಲ್ಲ.

ಮೇಷ್ಟ್ರು ಒಂಬತ್ತನೇ ದಿನ ನಾಲ್ಕು ವಾಟ್ಸಾಪ್ ಗ್ರೂಪನ್ನೂ ಅಳಿಸಿ, ಎಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸಿದರು. ಸ್ಟೇಜ್ ಮ್ಯಾನೇಜರ್ ಕೆಲಸಕ್ಕೆ ಒಬ್ಬ ಫಿಸಿಕ್ಸ್ ಹುಡುಗಿ ಇದ್ದಾಳೆ. ಮಾತು ಕಡಿಮೆ. ಅವಳ ಪುಸ್ತಕದಲ್ಲಿ ಎಡಗಡೆ ನಾಟಕದ ಮಾತು, ಬಲಗಡೆ ಯಾವಾಗ ಏನಾಗಬೇಕು ಅನ್ನುವ ಸೂಚನೆ. "ಕ್ಯೂ 14: ರಾಜ ಕೂತ ಮೇಲೆ ನೀಲಿ. ಕೂರುವಾಗ ಅಲ್ಲ." ಹೀಗೆ. ಜಗಳ ಒಂದು ಗಂಟೆ ನಡೆದ ಮೇಲೆ ಅವಳು ತಲೆ ಎತ್ತಿ ಒಂದೇ ಪ್ರಶ್ನೆ ಕೇಳಿದಳಂತೆ: "ಸರ್, ರಾತ್ರಿ ನಿದ್ದೆ ಬಾರದೆ ಒದ್ದಾಡೋನು ಕಿರೀಟ ಯಾಕೆ ಹಾಕ್ಕೊಂಡಿದ್ದಾನೆ?"

ಯಾರ ಬಳಿಯೂ ಉತ್ತರ ಇರಲಿಲ್ಲ. ಈಗ ಕಿರೀಟ ತಟ್ಟೆಯಲ್ಲಿ ಮುಂದೆ ಬರುತ್ತದೆ, ರಾಜ ಹಿಂದಿನಿಂದ ಬಗ್ಗಿ ಬರುತ್ತಾನೆ. ಎರಡು ಹಲಗೆ ಸೇರಿಸಿ ಬಾಗಿಲನ್ನೂ ಅರ್ಧ ಅಡಿ ಎತ್ತರಿಸಿದ್ದಾರೆ, ಹಣೆಯ ಮೇಲಿನ ಕರುಣೆಯಿಂದ.

"ಶನಿವಾರ ನಾಟಕ. ಎಲ್ಲರೂ ಬನ್ನಿ," ಅಂದರು ಮೇಷ್ಟ್ರು. "ಭಟ್ರೆ, ಮುಗಿದ ಮೇಲೆ ಸೆಟ್ಟು ಹೊರೋಕೆ ಒಬ್ಬರು ಕಡಿಮೆ ಇದ್ದಾರೆ."

ಭಟ್ಟರು ಸೊಂಟ ಮುಟ್ಟಿಕೊಳ್ಳುವಷ್ಟರಲ್ಲಿ ಶೀನನ ಫೋನು ಹೊಡೆದುಕೊಂಡಿತು. ಎರಡು ನಿಮಿಷ ಕೇಳಿಸಿಕೊಂಡು ವಿಮಲಕ್ಕನ ಕಡೆ ತಿರುಗಿದ. "ಕಾಲೇಜಿಂದ. ರಿಹರ್ಸಲ್ ಮಧ್ಯೆ ಆರೂ ಲೈಟು ಹೋಯ್ತಂತೆ. ನಿಮ್ಮ ಹುಡುಗೀರು ನನ್ನ ಲೈನಿಗೆ ಇಸ್ತ್ರಿ ಪೆಟ್ಟಿಗೆ ಹಾಕಿದ್ದಾರೆ."

"ಮತ್ತೆ ರಾಜ ಸುಕ್ಕು ಅಂಗೀಲಿ ಬರಬೇಕಾ?" ಅಂದರು ವಿಮಲಕ್ಕ, ಉಳಿದ ಕಾಫಿಯನ್ನು ಲೋಟಕ್ಕೆ ಬಗ್ಗಿಸಿಕೊಳ್ಳುತ್ತ.